ಶನಿವಾರದ ಹಿಮ

ಸೋಮವಾರ ಬೆಳಿಗ್ಗೆ ಆಫೀಸಿನ ಅಡುಗೆಕೋಣೆಯಲ್ಲಿ ಕಾಫಿ ಮಾಡಿಕೊಳ್ಳುತ್ತ ನಿಂತವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ವೀಕೆಂಡ್ ಏನು ಮಾಡಿದೆ?" ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಆ ಕಟ್ಟಡದಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಇದಕ್ಕೆ ಒಳ್ಳೊಳ್ಳೆಯ ಉತ್ತರಗಳಿವೆ. ಒಬ್ಬರು ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಮೀನು ಹಿಡಿಯಲು ಹೋಗಿರುತ್ತಾರೆ. ಒಬ್ಬರ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಮಾಂಸ ಸುಡುವ ಔತಣ, ನಡೆದಿರುತ್ತದೆ. ಇನ್ನೊಬ್ಬರ ಮಗ ಫುಟ್‌ಬಾಲ್ ಆಡಿ ಕಾಲು ಉಳುಕಿಸಿಕೊಂಡಿರುತ್ತಾನೆ. ನನ್ನ ಸರದಿ ಬಂದಾಗ "ಒಂದು ಸಿನಿಮಾ ನೋಡಿದೆ" ಅನ್ನುತ್ತೇನೆ. "ಯಾವುದು?" "ಕೆನಡಾದ್ದು." ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳಿದವರು ಚಮಚದಿಂದ ಕಾಫಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕದಡಿ ತಮ್ಮ ಮೇಜಿಗೆ ಹೊರಡುತ್ತಾರೆ.

ಕೆನಡಾಕ್ಕೆ ನಾನು ಹೋಗಿಲ್ಲ. ಆಕಾಶದಿಂದ ಬಿದ್ದ ಹಿಮವನ್ನು ಮುಟ್ಟಿಯೂ ಇಲ್ಲ. ನನಗೆ ಪರಿಚಯವಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಟಾಣಿ ಪೊಟ್ಟಣಕ್ಕೆ ಮೆತ್ತಿಕೊಂಡಿರುವುದು ಮಾತ್ರ. ಆದರೂ ಆ ದೇಶದ ಮನೆಗಳಲ್ಲಿ ಬೂಟು ಬಿಚ್ಚುವ ಜಾಗ ಎಲ್ಲಿರುತ್ತದೆ, ಬೆಳಿಗ್ಗೆ ಕಾರಿನ ಗಾಜು ಕೆರೆಯುವುದು ಹೇಗೆ, ಮಾರ್ಚ್ ತಿಂಗಳಲ್ಲಿ ಜನ ಯಾಕೆ ಸಿಡಿಮಿಡಿಗುಟ್ಟುತ್ತಾರೆ ಎಂಬುದನ್ನೆಲ್ಲ ಹೇಳಬಲ್ಲೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಕೆನಡಾ ಸಿನಿಮಾ ನೋಡುವುದು ಎಷ್ಟೋ ವರ್ಷಗಳಿಂದ ನನಗೆ ಅಭ್ಯಾಸವಾಗಿಬಿಟ್ಟಿದೆ. ಕೆಲವರು ಶನಿವಾರ ಆಂಜನೇಯನ ಗುಡಿಗೆ ಹೋಗುವುದಿಲ್ಲವೇ, ಹಾಗೆ.

ಸಿನಿಮಾ ನೋಡಿ ಊರನ್ನು ಅಳೆಯುವ ಗುಣ ನನಗೆ ಮೈಸೂರಿನ ದೊಡ್ಡಮ್ಮನಿಂದ ಬಂದದ್ದಿರಬೇಕು. ನಮ್ಮ ದೊಡ್ಡಮ್ಮ ಮದರಾಸನ್ನು ಕಂಡವರಲ್ಲ, ಆದರೆ ಅಲ್ಲಿ ತೆಗೆದ ಸಿನಿಮಾಗಳನ್ನು ಒಂದನ್ನೂ ಬಿಟ್ಟವರಲ್ಲ. ಅವರ ಮಗನಿಗೆ ಅಲ್ಲಿ ಕೆಲಸ ಸಿಕ್ಕಿದಾಗ ಖಡಾಖಂಡಿತವಾಗಿ ಬೇಡವೆಂದರು. "ಆ ಊರಲ್ಲಿ ದಿನಾ ತರಕಾರಿ ಗಾಡಿ ಮೇಲೆ ಕಾರು ಹತ್ತಿಸ್ತಾರೆ ಕಣೋ. ಟೊಮ್ಯಾಟೊ ಎಲ್ಲಾ ರಸ್ತೆ ಪಾಲು. ಏನು ತಿಂದು ಬದುಕ್ತೀಯ?" ನಾವು ಮಕ್ಕಳು ಬಿದ್ದು ಬಿದ್ದು ನಕ್ಕಿದ್ದೆವು. ಆ ನಗುವಿಗೆ ಈಗ ಬಡ್ಡಿ ಕಟ್ಟುತ್ತಿದ್ದೇನೆ. ದೊಡ್ಡಮ್ಮ ಒಂದು ಊರನ್ನು ಹೀಗೆ ಅಳೆದರೆ ನಾನು ಒಂದು ಇಡೀ ದೇಶವನ್ನು ಅಳೆಯಲು ಕೂತೆ.

ಶುರುವಾದದ್ದು ಪರ್ತ್‌ನಲ್ಲಿ. ಅಲ್ಲಿಯ ಬೆಂಟ್ಲಿಯಲ್ಲಿ ಓದುವಾಗ ನಾವು ಐದಾರು ಜನ ಹುಡುಗಿಯರು ಒಂದು ಬಾಡಿಗೆ ಮನೆಯಲ್ಲಿದ್ದೆವು. ನನ್ನ ಕೋಣೆಯಲ್ಲಿ ಪಾಲುದಾರಳಾಗಿ ಸಿಕ್ಕಿದವಳು ಚನ್ನರಾಯಪಟ್ಟಣದ ರಿಜ್ವಾನಾ. ನಾನು ಸರ್ವೊದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಗಲ್ಲಾದ ಮೇಲೆ ಕೂರುತ್ತಿದ್ದೆ. ಅವಳು ಸೂಪರ್‌ಮಾರ್ಕೆಟ್ಟಿನ ಕಪಾಟುಗಳಿಗೆ ಡಬ್ಬಿ ಜೋಡಿಸುತ್ತಿದ್ದಳು. ಅವಳು ಓದಿದ್ದು ಲೆಕ್ಕಪತ್ರ. ಆ ವರ್ಷ ಅವಳ ಓದಿಗೆ ಇಲ್ಲಿ ನೆಲೆನಿಲ್ಲುವ ವೀಸಾ ಸಿಗುವುದಿಲ್ಲ ಎಂಬುದು ಕೋರ್ಸು ಮುಗಿಯುವ ಹೊತ್ತಿಗೆ ಖಾತ್ರಿಯಾಯಿತು. ಕೆನಡಾ ಕರೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ಲೈಬ್ರರಿಯಿಂದ ಒಂದು ಡಿವಿಡಿ ತಂದು ನನ್ನ ಮಡಿಲಿಗೆ ಹಾಕಿದಳು.

"ಏನೇ ಇದು?"

"ಕೆನಡಾ ಪಿಕ್ಚರು. ಮದುವೆಗೆ ಮುಂಚೆ ಹುಡುಗನ ಫೋಟೋ ನೋಡಲ್ವಾ? ಹಂಗೆ ದೇಶಾನೂ ಒಂದ್ಸಲ ನೋಡ್ಬಿಡಣ ಅಂತ."

ಹೊರಗೆ ಪರ್ತ್‌ನ ಬಿಸಿಲು ಮಾಡಿನ ತಗಡನ್ನು ಕಾಯಿಸುತ್ತಿತ್ತು. ಯಾರೋ ಬೀದಿಯಲ್ಲಿ ಬಿಟ್ಟುಹೋಗಿದ್ದ ಸೋಫಾವನ್ನು ನಾವೇ ಹೊತ್ತು ತಂದಿದ್ದೆವು. ಅದರ ಮೇಲೆ ಒದ್ದೆ ಟವೆಲ್ ಹಾಸಿಕೊಂಡು ಕೂತೆವು. ಸಿನಿಮಾದಲ್ಲಿ ಒಬ್ಬಾತ ರಸ್ತೆಯ ಹಿಮ ಬಳಿಯುವ ಲಾರಿ ಓಡಿಸುತ್ತಾನೆ. ಓಡಿಸುತ್ತಾನೆ, ಓಡಿಸುತ್ತಾನೆ, ಓಡಿಸುತ್ತಲೇ ಇರುತ್ತಾನೆ. ನಾವು ಒಂದು ಬಟ್ಟಲು ಮಂಡಕ್ಕಿ ಖಾಲಿ ಮಾಡುವಷ್ಟರಲ್ಲಿ ಅವನು ಆಡಿದ ಮೊದಲ ಮಾತು "ಸಾರಿ". ಅದೂ ಒಂದು ನಾಯಿಗೆ.

ರಿಜ್ವಾನಾ ನನ್ನ ಮುಖ ನೋಡಿದಳು. "ಸುಮಿ, ಈ ದೇಶದಲ್ಲಿ ಯಾರೂ ಮಾತೇ ಆಡಲ್ವೇನೇ? ನಾನು ಹೋದ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ."

ಅವಳು ಮಾತಿನ ಮಲ್ಲಿ. ಬಸ್ಸಿನಲ್ಲಿ ಕೂತರೆ ಇಳಿಯುವಷ್ಟರಲ್ಲಿ ಪಕ್ಕದವರ ಬೆನ್ನುನೋವಿನ ಚರಿತ್ರೆಯೆಲ್ಲ ಅವಳಿಗೆ ಗೊತ್ತಾಗಿರುತ್ತಿತ್ತು. ಅಂಥವಳು ಇಂಥ ದೇಶಕ್ಕೆ ಹೋಗುತ್ತಿದ್ದಾಳಲ್ಲ ಎಂಬ ಚಿಂತೆಯಿಂದಲೇ ನಾವು ಲೈಬ್ರರಿಯ ಆ ಕಪಾಟನ್ನು ಒಂದೊಂದಾಗಿ ಮುಗಿಸಿದೆವು. ನೋಡಿದ ಮೇಲೆ ಚರ್ಚೆ. ಚರ್ಚೆಯೆಂದರೆ ದೊಡ್ಡ ವಿಮರ್ಶೆಯಲ್ಲ; ವಧುವಿನ ಕಡೆಯವರು ಹುಡುಗನ ಮನೆ ನೋಡಿ ಬಂದು ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಾರಲ್ಲ, ಅಂಥದ್ದು.

"ನೋಡ್ದಾ, ಈ ಜನಕ್ಕೆ ಸಿಟ್ಟು ಮಾಡ್ಕೊಳೋಕೆ ಆಗಲ್ಲ," ಎಂದಳು ಒಂದು ಸಲ. "ಅವ್ನು ಅಣ್ಣನ ಮೇಲೆ ಕೂಗಾಡ್ಬೇಕು ಅಂತಾನೇ ಬಂದ. ಆದ್ರೆ ಬಾಗ್ಲಲ್ಲಿ ಬೂಟು ಬಿಚ್ಚಬೇಕು, ಕೋಟು ಬಿಚ್ಚಬೇಕು, ಗ್ಲೌಸು, ಟೋಪಿ... ಅಷ್ಟೊತ್ತಿಗೆ ಸಿಟ್ಟೆಲ್ಲ ಇಳಿದೋಯ್ತು. ಕೊನೆಗೆ ಟೀ ಕುಡ್ದು ಹೋದ."

ಇನ್ನೊಂದು ಸಲ ಟೊರಾಂಟೊ ನಗರದಲ್ಲಿ ನಡೆಯುವ ಕಥೆ. ಆ ಬೀದಿಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡದೆ ಏನು? ಅಮೆರಿಕದ ಎಷ್ಟೋ ಸಿನಿಮಾಗಳಲ್ಲಿ ಆ ಊರು ನ್ಯೂಯಾರ್ಕಿನ ವೇಷ ಹಾಕಿಕೊಂಡು ದುಡಿದಿದೆ. ಸ್ವಂತ ಸಿನಿಮಾದಲ್ಲಿ ಮಾತ್ರ ಅದಕ್ಕೆ ತನ್ನ ಹೆಸರಿನಲ್ಲಿ ಬರುವ ಅವಕಾಶ. ಅದಕ್ಕೇ ಕ್ಯಾಮೆರಾ ಒಂದು ಟ್ರಾಮ್ ಹಾದುಹೋಗುವುದನ್ನು ಅಷ್ಟು ಹೊತ್ತು ನೋಡುತ್ತ ನಿಲ್ಲುತ್ತದೇನೋ. ದೊಡ್ಡ ನೆರೆಮನೆಯವರ ಗಲಾಟೆಯ ಪಕ್ಕದಲ್ಲಿ ಮೆಲ್ಲಗೆ ಬದುಕುವವರಿಗೆ ತಾವೂ ಇದ್ದೇವೆ ಎಂದು ತಮಗೇ ಹೇಳಿಕೊಳ್ಳಬೇಕಾಗುತ್ತದೆ.

ನಗುತ್ತ ನೋಡಿದವೇ ಹೆಚ್ಚು. ಒಂದನ್ನು ಮಾತ್ರ ನಗುತ್ತ ನೋಡಲಾಗಲಿಲ್ಲ. ಆ ನೆಲದ ಮೂಲನಿವಾಸಿ ಮುದುಕನೊಬ್ಬ ಪಾಳುಬಿದ್ದ ವಸತಿಶಾಲೆಯ ಮುಂದೆ ಬಂದು ನಿಲ್ಲುತ್ತಾನೆ. ಮಗುವಾಗಿದ್ದಾಗ ಅವನನ್ನು ತಾಯಿಯ ಕೈಯಿಂದ ಕಿತ್ತು ಅಲ್ಲಿಗೆ ಒಯ್ದಿದ್ದರು. ಅವನ ಭಾಷೆಯನ್ನು ಅಲ್ಲಿ ಹೊಡೆದು ಮರೆಸಿದ್ದರು. ಅವನಿಗೆ ಉಳಿದಿದ್ದದ್ದು ಒಂದೇ ಶಬ್ದ, ಅದರ ಅರ್ಥವೂ ಅವನಿಗೆ ಗೊತ್ತಿಲ್ಲ. ರಿಜ್ವಾನಾ ಹೇಳಿದಳು. "ಟ್ರಾಲಿ ತಗುಲಿದ್ರೆ ಸಾರಿ, ನಾಯಿಗೆ ಸಾರಿ. ಇದಕ್ಕೆ ಸಾರಿ ಹೇಳೋಕೆ ಮಾತ್ರ ಎಷ್ಟು ವರ್ಷ ಬೇಕಾಯ್ತು ನೋಡು." ನಾವು ಕೂತಿದ್ದ ನೆಲದಲ್ಲೂ ಅಂಥದ್ದೇ ನಡೆದಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ದಿನ ಮಂಡಕ್ಕಿ ಹಾಗೇ ಮೆತ್ತಗಾಯಿತು.

ಅವಳಿಗೆ ಸಸ್ಕಟೂನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಫೋನಿನಲ್ಲಿ ಅವಳ ಅಮ್ಮಿ ನನ್ನನ್ನೇ ಕೇಳಿದ್ದರು. "ಅದು ಊರೇನವ್ವಾ, ಬಿಸ್ಕತ್ತೇನವ್ವಾ? ಅಲ್ಲಿ ಜನ ಇರ್ತಾರಾ?" "ಇರ್ತಾರೆ ಅಮ್ಮಿ, ಮಾತು ಕಮ್ಮಿ ಅಷ್ಟೇ" ಅಂದೆ. "ಹಂಗಾದ್ರೆ ಇವಳು ಹೋಗಿ ಅಲ್ಲಿ ಸರಿ ಮಾಡ್ತಾಳೆ ಬಿಡು" ಎಂದು ಅವರು ನಕ್ಕರು.

ಅವಳು ಹೋದ ಮೇಲೆ ನಾನೂ ಕೆಲಸ ಹಿಡಿದು ಅಡಿಲೇಡಿಗೆ ಬಂದೆ. ನೀರಿನ ಕೊಳವೆಗಳ ನಕ್ಷೆ ಬರೆಯುವ ಕೆಲಸ. ಮದುವೆ ಎಂಬುದೊಂದೂ ಅಡಿಲೇಡಿನಲ್ಲಿ ಬಂದು ಹೋಯಿತು. ಇಲ್ಲಿ ಬರೆಯುವಷ್ಟು ಅದು ಉದ್ದವಿರಲಿಲ್ಲ. ಉದ್ದವಾಗಿ ಉಳಿದದ್ದು ರಿಜ್ವಾನಾಳ ಜೊತೆಗಿನ ಸಿನಿಮಾ. ಇಬ್ಬರೂ ವಾರಕ್ಕೊಂದು ಸಿನಿಮಾ ಗೊತ್ತುಮಾಡಿಕೊಂಡು ನಮ್ಮ ನಮ್ಮ ಊರಿನಲ್ಲಿ ನೋಡುವುದು. ಭಾನುವಾರ ಬೆಳಿಗ್ಗೆ ನಾನು ಫೋನ್ ಮಾಡಿದರೆ ಅವಳಿಗೆ ಅಲ್ಲಿ ಇನ್ನೂ ಶನಿವಾರದ ಸಂಜೆ. ಈಗ ಅವಳು ಒಳಗಿನವಳು. ನಾನು ಸಿನಿಮಾ ನೋಡಿ ಒಂದು ಹೇಳಿದರೆ ಅವಳು ತಿದ್ದುವಳು.

"ಹಿಮ ಎಷ್ಟು ಚೆನ್ನಾಗಿತ್ತಲ್ಲೇ ಆ ಸೀನಲ್ಲಿ."

"ಅದು ಮೊದಲನೇ ದಿನದ ಹಿಮ ಕಣೇ. ಆಮೇಲೆ ಬಂದು ನೋಡು, ರೋಡೆಲ್ಲಾ ಬೆಲ್ಲದ ಪಾಕ ಚೆಲ್ಲಿದಂಗೆ ಕಂದು ಕೆಸರು. ಅದನ್ನ ಯಾವನೂ ಶೂಟ್ ಮಾಡಲ್ಲ."

ಕೊನೆಗೆ ನಾನು ತಪ್ಪದೆ ಕೇಳುತ್ತಿದ್ದದ್ದು "ಅಮ್ಮಿ ಹೇಗಿದ್ದಾರೆ?" "ಚೆನ್ನಾಗಿದ್ದಾರೆ" ಎನ್ನುವುದು ಅವಳ ಉತ್ತರ.

ಅಡಿಲೇಡಿನಲ್ಲಿ ನಮ್ಮ ಬಡಾವಣೆಯ ಲೈಬ್ರರಿಯ ಹಿಂದಿನ ಹಾಲಿನಲ್ಲಿ ತಿಂಗಳಿಗೊಮ್ಮೆ ಸಿನಿಮಾ ತೋರಿಸುತ್ತಿದ್ದರು. ನೋಡಿದವರು ಬಿಸ್ಕತ್ತು ತಿನ್ನುತ್ತ ಅದರ ಬಗ್ಗೆ ಮಾತಾಡಬೇಕು. ಬರುತ್ತಿದ್ದವರೆಲ್ಲ ನಿವೃತ್ತರು, ಕಪ್ಪು ಕೂದಲಿನವಳು ನಾನೊಬ್ಬಳೇ. ಒಂದು ವರ್ಷ ಕೆನಡಾದ ಸರದಿ ಬಂತು. ನನಗೆ ಹಬ್ಬ. ಮೊದಲ ಸಿನಿಮಾ ಮುಗಿದದ್ದೇ ಎದ್ದು ಬೂಟಿನ ವಿಚಾರ, ಫ್ರೆಂಚ್ ಮಾತಾಡುವ ಮನೆಗಳಲ್ಲಿ ಮಾತ್ರ ಅಡುಗೆಮನೆಯಲ್ಲಿ ಜೋರು ಜಗಳ ನಡೆಯುವ ವಿಚಾರ, ಊರಿಂದೂರಿಗೆ ಅಷ್ಟು ದೂರವಿರುವ ಕಡೆ ಜನ ಕಾರಿನೊಳಗೇ ಮನಸ್ಸು ಬಿಚ್ಚುತ್ತಾರೆ, ಏಕೆಂದರೆ ಎದುರುಬದುರು ನೋಡಬೇಕಾಗಿಲ್ಲ ಎಂಬ ವಿಚಾರ, ಎಲ್ಲವನ್ನೂ ಹೇಳಿದೆ. ಎಲ್ಲರೂ ತಲೆದೂಗಿದರು. ಒಬ್ಬಾಕೆ ಕೇಳಿದರು: "ನೀವು ಕೆನಡಾದಲ್ಲಿ ಯಾವಾಗ ಇದ್ದಿರಿ?"

"ನಾನು ಹೋಗಿಯೇ ಇಲ್ಲ."

ಹಾಲಿನಲ್ಲಿ ಸಣ್ಣ ನಗು ಎದ್ದಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ವೃದ್ಧರು ಮಾತ್ರ ನಗಲಿಲ್ಲ. ಅವರ ಹೆಸರು ಗಾರ್ಡನ್. ಹುಟ್ಟಿದ್ದು ಕೆನಡಾದ ಗೋಧಿ ಹೊಲಗಳ ನಡುವೆ. ಇಪ್ಪತ್ತರ ಹರೆಯದಲ್ಲಿ ಬಿಸಿಲು ಹುಡುಕಿಕೊಂಡು ಇಲ್ಲಿಗೆ ಬಂದವರು ತಿರುಗಿ ಹೋಗಿರಲಿಲ್ಲ. ಹೊರಡುವಾಗ ನನ್ನ ಬಳಿ ಬಂದು ಹೇಳಿದರು: "ನೀನು ಹೇಳಿದ್ದೆಲ್ಲ ಸರಿ ಮಗಳೇ. ಆದರೆ ಸಿನಿಮಾಕ್ಕೆ ವಾಸನೆ ಇರುವುದಿಲ್ಲ. ಒದ್ದೆ ಉಣ್ಣೆ ಒಲೆಯ ಪಕ್ಕದಲ್ಲಿ ಒಣಗುವಾಗ ಬರುವ ವಾಸನೆ. ಅದು ಗೊತ್ತಿಲ್ಲದೆ ಕೆನಡಾ ಗೊತ್ತು ಅನ್ನಬಾರದು."

ಆಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂರತೊಡಗಿದೆವು. ಅವರು ಚರ್ಚೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನದ ಸಿನಿಮಾದಲ್ಲಿ ಗಂಡ ಹೆಂಡತಿ ಕಾರಿನಲ್ಲಿ ಹೋಗುತ್ತ ವಿಚ್ಛೇದನದ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ ಗಾರ್ಡನ್ ಎದ್ದು ನಿಂತರು. "ಅದು ನಮ್ಮೂರಿನ ಸರ್ವೊ!" ಎಂದು ಕೂಗಿದರು. ಆ ಹೊತ್ತಿಗೆ ಕಾರು ಮುಂದೆ ಹೋಗಿಬಿಟ್ಟಿತ್ತು.

ಸಿನಿಮಾ ಹಾಕುವಾಕೆ ಒಳ್ಳೆಯವರು. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಾಕಿದರು. ಗಂಡ ಹೆಂಡತಿಯ ಜಗಳದ ಹಿಂದೆ, ಕಾರಿನ ಕಿಟಕಿಯಾಚೆ, ಒಂದು ಕೂಡುರಸ್ತೆ. ಒಂದು ಪೆಟ್ರೋಲ್ ಬಂಕು. ಅದರ ಪಕ್ಕ ವಾಲಿದ ಒಂದು ಕಂಬ. ಅಷ್ಟೇ. "ಇನ್ನೊಮ್ಮೆ ಹಾಕಬಹುದೇ?" ಎಂದು ಕೇಳಿದರು. ಹಾಕಿದರು. ಮತ್ತೊಮ್ಮೆ ಎಂದು ಕೇಳಲು ಅವರಿಗೆ ಸಂಕೋಚ. ನಾನೇ "ನನಗೆ ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ಹಾಕಿ" ಎಂದೆ. ಹಾಲಿನಲ್ಲಿದ್ದವರೆಲ್ಲ ಬಗ್ಗಿ ಬಗ್ಗಿ ಅದೇ ಕೂಡುರಸ್ತೆಯನ್ನು ನೋಡಿದೆವು. ಒಬ್ಬರಿಗೆ ಮಾತ್ರ ಅಲ್ಲಿ ಒಂದು ಊರು ಕಂಡಿತು. ಉಳಿದವರಿಗೆ ಕಂಡದ್ದು ಬರಿಯ ಒಂದು ಪೆಟ್ರೋಲ್ ಬಂಕು. ಸಿನಿಮಾ ಮುಂದುವರಿದ ಮೇಲೂ ಅವರು ನಿಂತೇ ಇದ್ದರು. ನಾನು ಕೋಟಿನ ತುದಿ ಹಿಡಿದು ಮೆಲ್ಲಗೆ ಎಳೆದಾಗ ಕೂತರು.

ಈ ಕಥೆಯನ್ನು ಭಾನುವಾರ ರಿಜ್ವಾನಾಗೆ ಹೇಳಿದೆ. ಅವಳು ತಿದ್ದಲಿಲ್ಲ, ನಗಲೂ ಇಲ್ಲ. "ಆ ತಾತನಿಗೆ ನನ್ನ ಸಲಾಂ ಹೇಳು" ಎಂದಳು. ಅಷ್ಟರಲ್ಲಾಗಲೇ ಅವಳ ಮಾತು ಕಡಿಮೆಯಾಗುತ್ತ ಬಂದಿತ್ತೆಂದು ಈಗ ಅನ್ನಿಸುತ್ತದೆ. ಆಗ ನನಗೆ ಫೋನಿನ ಲೈನು ಸರಿಯಿಲ್ಲವೇನೋ ಎಂದು ಗುಮಾನಿ.

ಕೆಲಸ ಬದಲಾಗಿ ಬ್ರಿಸ್ಬೇನಿಗೆ ಬಂದೆ. ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನಲ್ಲಿ ಒಂದು ಸಣ್ಣ ಮನೆ. ಸಂಜೆ ಕೆರೆಯ ಸುತ್ತ ನಡೆಯಲು ಹೋದರೆ ಕನ್ನಡವೂ ಕಿವಿಗೆ ಬೀಳುತ್ತದೆ. ಹಬ್ಬಕ್ಕೆ ಕರೆಯುತ್ತಾರೆ. ಹೋಗುತ್ತೇನೆ. ಕೋಸಂಬರಿ ಚೆನ್ನಾಗಿರುತ್ತದೆ. ಮಕ್ಕಳನ್ನು "ಊಟ ಆಯ್ತಾ ಪುಟ್ಟ?" ಎಂದು ಕೇಳಿದರೆ "ಯಾ, ಆಂಟಿ" ಎಂದು ಓಡಿಹೋಗುತ್ತವೆ. ಯಾರಾದರೊಬ್ಬ ಹಿರಿಯರು "ಒಬ್ರೇನಮ್ಮಾ ಇರೋದು?" ಎಂದು ಕೇಳುತ್ತಾರೆ. "ಹೂಂ ಅಂಕಲ್" ಎನ್ನುತ್ತೇನೆ. ಆಮೇಲೆ ಅವರು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸುತ್ತಾರೆ. ಎಲ್ಲರೂ ಸಂಸಾರ ಸಮೇತ ಕಾರು ಹತ್ತಿ ಬಾಗಿಲುಗಳು ಧಡಧಡನೆ ಮುಚ್ಚಿಕೊಂಡ ಮೇಲೆ ನಾನು ನನ್ನ ಕಾರಿನ ಒಂದು ಬಾಗಿಲನ್ನು ಮುಚ್ಚಿಕೊಳ್ಳುತ್ತೇನೆ. ಆ ಒಂದು ಸದ್ದು ಮಾತ್ರ ಯಾಕೋ ಜೋರಾಗಿ ಕೇಳುತ್ತದೆ.

ಕಳೆದ ಏಪ್ರಿಲಿನ ಒಂದು ಭಾನುವಾರ. ಹಿಂದಿನ ದಿನ ಇಬ್ಬರೂ ನೋಡಿದ ಸಿನಿಮಾದಲ್ಲಿ ನಾಯಕಿಗೆ ದೂರದೂರಿನಲ್ಲಿ ತಂದೆ ಸತ್ತ ಸುದ್ದಿ ಬರುತ್ತದೆ. ಅವಳು ಏರ್‌ಪೋರ್ಟಿನ ಉದ್ದಕ್ಕೂ ಅಳುತ್ತ ಓಡುತ್ತಾಳೆ; ಹಿಮದ ಬಿರುಗಾಳಿಯಿಂದ ವಿಮಾನಗಳು ನಿಂತಿವೆ. ನನಗೆ ಆ ದೃಶ್ಯ ಹಿಡಿಸಿತ್ತು. ಹಾಗೆಂದೇ ಹೇಳಿದೆ.

"ಆ ಸೀನು ಪೂರಾ ಸುಳ್ಳು," ಎಂದಳು ರಿಜ್ವಾನಾ.

"ಯಾಕೇ? ಬಿರುಗಾಳಿ ಬರಲ್ವಾ?"

"ಬರತ್ತೆ. ಆದ್ರೆ ಯಾರೂ ಓಡಲ್ಲ. ಎಲ್ಲಿಗೆ ಅಂತ ಓಡ್ತಾರೆ? ಸುಮ್ನೆ ಕೂತ್ಕೋತಾರೆ. ಬೋರ್ಡಲ್ಲಿ ಎಲ್ಲಾ ಫ್ಲೈಟೂ ಕ್ಯಾನ್ಸಲ್ ಅಂತ ಬರ್ತಿರತ್ತೆ. ಪಕ್ಕದಲ್ಲಿ ಯಾರೋ ಮಫಿನ್ ತಿಂತಿರ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನಮಗೂ ಹಸಿವಾಗತ್ತೆ. ಹೋಗಿ ನಾವೂ ಒಂದು ಮಫಿನ್ ತಗೊಂಡು ತಿಂತೀವಿ. ಅದನ್ನ ತೋರಿಸ್ಬೇಕಿತ್ತು."

ನನ್ನ ಕಾಫಿಲೋಟ ತುಟಿಯ ಹತ್ತಿರವೇ ನಿಂತಿತು.

"ರಿಜ್ಜು, ನಿಂಗೆ ಹೇಗೆ ಗೊತ್ತು?"

"ಅಮ್ಮಿ ಹೋದ್ರು ಕಣೇ. ಜನವರಿಲಿ."

ಚಳಿಗಾಲದ ಒಂದು ಬೆಳಿಗ್ಗೆ ಚನ್ನರಾಯಪಟ್ಟಣದಿಂದ ಅವಳ ತಮ್ಮ ಫೋನ್ ಮಾಡಿದ್ದ. ಅವರಲ್ಲಿ ಮಣ್ಣು ಮಾಡುವುದನ್ನು ತಡ ಮಾಡುವುದಿಲ್ಲ. ಹೊರಗೆ ಒಳ್ಳೆಯ ಬಿಸಿಲಿದ್ದಿದ್ದರೂ ಅವಳು ತಲುಪುವ ಮುಂಚೆ ಎಲ್ಲ ಮುಗಿದಿರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಚೀಲ ತುಂಬಿದಳು. ಹಿಮದ ಬಿರುಗಾಳಿಯಲ್ಲಿ ಟ್ಯಾಕ್ಸಿಗಳು ಬರುವಂತಿರಲಿಲ್ಲ. ಅವಳ ಮನೆಯ ಎದುರಿಗಿರುವ ಒಬ್ಬ ರೈತ ತನ್ನ ದೊಡ್ಡ ಟ್ರಕ್ಕಿನಲ್ಲಿ ಅವಳನ್ನು ಏರ್‌ಪೋರ್ಟಿಗೆ ಕರೆದೊಯ್ದ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲವಂತೆ. ವಿಮಾನ ಹೊರಡುವುದಿಲ್ಲವೆಂದು ತಿಳಿದ ಮೇಲೂ ಅವನು ಹೋಗಲಿಲ್ಲ. ಅವಳಿಂದ ನಾಲ್ಕು ಕುರ್ಚಿ ಬಿಟ್ಟು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇದ್ದ. ಅವಳು ಎದ್ದು "ಮನೆಗೆ ಹೋಗೋಣ" ಎಂದಾಗ ಎದ್ದ. ಮನೆ ಮುಂದೆ ಇಳಿಸಿ, ಅವಳ ಬಾಗಿಲವರೆಗಿನ ಹಿಮವನ್ನು ಸಲಿಕೆಯಿಂದ ಬಳಿದು, ದಾರಿ ಮಾಡಿಕೊಟ್ಟು ಹೋದ.

"ಅದು ಯಾವ ಪಿಕ್ಚರಲ್ಲೂ ಬರಲ್ಲ ಸುಮಿ," ಎಂದಳು. "ಯಾಕಂದ್ರೆ ನೋಡೋಕೆ ಅಲ್ಲಿ ಏನೂ ನಡಿಯೋದೇ ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ? ಪ್ರತಿ ವಾರ ಮಾತಾಡಿದ್ವಲ್ಲೇ. ಪ್ರತಿ ವಾರ ನಾನು ಕೇಳ್ದೆ, ಅಮ್ಮಿ ಹೇಗಿದ್ದಾರೆ ಅಂತ."

"ಅದಕ್ಕೇ." ಅವಳ ದನಿ ಆಗ ಮುರಿಯಿತು. "ಎಲ್ರಿಗೂ ಗೊತ್ತಾಗಿತ್ತು. ನಿಂಗೊಬ್ಳಿಗೆ ಗೊತ್ತಿರಲಿಲ್ಲ. ನೀನು ಕೇಳ್ದಾಗ ಚೆನ್ನಾಗಿದ್ದಾರೆ ಅಂತ ಹೇಳ್ಬಹುದಾಗಿತ್ತು. ವಾರಕ್ಕೊಂದ್ಸಲ ಅಮ್ಮಿ ಚೆನ್ನಾಗಿರ್ತಿದ್ರು."

ಇಬ್ಬರೂ ಫೋನ್ ಹಿಡಿದುಕೊಂಡು ಕೂತಿದ್ದೆವು. ಅವಳ ಕಡೆ ಹೀಟರ್ ಗುಂಯ್ಗುಡುತ್ತಿತ್ತು. ನನ್ನ ಕಡೆ ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ.

ಮುಂದಿನ ಭಾನುವಾರ ಅವಳು ಫೋನ್ ಎತ್ತಲಿಲ್ಲ. ಅದರ ಮುಂದಿನದೂ ಅಷ್ಟೇ. ಹೇಳಿದ ಮೇಲೆ ನಾನೂ ಗೊತ್ತಿದ್ದವರ ಸಾಲಿಗೆ ಸೇರಿಬಿಟ್ಟೆ. ಅವಳಿಗೆ ಇನ್ನು ನನ್ನಲ್ಲಿ ಏನು ಉಳಿದಿತ್ತು? ಹೀಗೆಲ್ಲ ಅಂದುಕೊಂಡು ಮರುಗಿದೆ. ಶನಿವಾರದ ಸಿನಿಮಾ ಮಾತ್ರ ಬಿಡಲಿಲ್ಲ. ಅವಳ ಊರಿನಂಥ ಊರು, ಅವಳ ಬೀದಿಯಂಥ ಬೀದಿ ಬಂದಾಗ ಕಥೆ ಬಿಟ್ಟು ಹಿಂದೆ ನಡೆದುಹೋಗುವ ಜನರನ್ನು ನೋಡುತ್ತಿದ್ದೆ. ದಪ್ಪ ಕೋಟು ತೊಟ್ಟು ಬೆನ್ನು ತಿರುಗಿಸಿದವರೆಲ್ಲ ಅವಳ ಹಾಗೇ ಕಾಣುತ್ತಿದ್ದರು.

ಇಲ್ಲಿಯ ಚಳಿಗಾಲ ಕಳೆದು ಅಕ್ಟೋಬರಿನಲ್ಲಿ ಜಕರಾಂಡ ಹೂ ಬಿಡುವ ಹೊತ್ತಿಗೆ ಅವಳ ಫೋನು ಬಂತು. ಮುನ್ನುಡಿಯೇ ಇಲ್ಲ. "ಡಿಸೆಂಬರಲ್ಲಿ ಬರ್ತೀನಿ. ನಿಮ್ಮನೇಲಿ ಫ್ಯಾನ್ ಇದೆ ತಾನೇ?"

ಬಂದಳು. ಏರ್‌ಪೋರ್ಟಿನಲ್ಲಿ ಕಂಡಾಗ ಮೊದಲು ಗುರುತೇ ಸಿಗಲಿಲ್ಲ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅವಳೂ ನನ್ನ ಕಿವಿಯ ಪಕ್ಕ ನೋಡಿದಳು. ಕಾರಿನಲ್ಲಿ ಅಮ್ಮಿಯ ಬಗ್ಗೆ ಮಾತಾಡಿದೆವು, ಎದುರುಬದುರು ನೋಡದೆ. ಮನೆಗೆ ಬಂದು ಸ್ನಾನ ಮಾಡಿ, ಅನ್ನ ಸಾರು ಉಂಡು, ಸೋಫಾದ ಮೇಲೆ ಕಾಲು ಚಾಚಿ, ಶನಿವಾರವಾದ್ದರಿಂದ, "ಹೂಂ, ಹಾಕು ಪಿಕ್ಚರು" ಎಂದಳು.

ಅವಳಿಗೆಂದು ಆರಿಸಿಟ್ಟಿದ್ದ ಕೆನಡಾ ಸಿನಿಮಾ ಹಾಕಲು ಹೋದೆ.

"ಅಯ್ಯೋ, ಅದನ್ನ ನೋಡೋಕೆ ಅಷ್ಟು ದೂರದಿಂದ ಬಂದ್ನಾ? ನಿಮ್ಮ ದೇಶದ್ದು ಹಾಕೇ."

ನಿಮ್ಮ ದೇಶ ಎಂದಾಗ ಒಂದು ಕ್ಷಣ ನಾನು ಕನ್ನಡ ಸಿನಿಮಾ ಹುಡುಕಲು ಹೊರಟೆ. ಅವಳು ಕೇಳಿದ್ದು ಅದಲ್ಲವೆಂದು ಆಮೇಲೆ ಹೊಳೆಯಿತು. ಈ ನೆಲದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ, ಪರ್ತ್, ಅಡಿಲೇಡ್, ಬ್ರಿಸ್ಬೇನ್ ಎಂದು ಮೂರು ಊರು ಸುತ್ತಿದ್ದೇನೆ. ಇಲ್ಲಿಯ ಒಂದು ಸಿನಿಮಾವನ್ನೂ ಕೂತು ನೋಡಿರಲಿಲ್ಲ. ಸಿಕ್ಕಿದ್ದೊಂದನ್ನು ಹಾಕಿದೆ. ಅವಳು ಪ್ರಶ್ನೆ ಕೇಳತೊಡಗಿದಳು. ಆ ಮರ ಯಾವುದು? ಅವರ್ಯಾಕೆ ಹಾಗೆ ತಮಾಷೆ ಮಾಡಿಕೊಂಡು ಬೈದಾಡುತ್ತಾರೆ? ಕುರಿಯ ಉಣ್ಣೆ ಕತ್ತರಿಸುವವರು ನಿಜಕ್ಕೂ ಹಾಗೆ ಇರುತ್ತಾರಾ? ನನಗೆ ಒಂದೂ ಗೊತ್ತಿರಲಿಲ್ಲ.

"ಸರಿ ಬಿಡು. ಪಕ್ಕದ ಮನೇಲಿ ಯಾರಿದ್ದಾರೆ?"

"ಒಬ್ರು ಅಜ್ಜಿ. ಹೆಸರು..." ನಾನೂ ಅವರೂ ಕಸದ ತೊಟ್ಟಿ ಹೊರಗಿಡುವಾಗ ಕೈಯೆತ್ತುತ್ತಿದ್ದೆವು, ಅಷ್ಟೇ.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಹಾಸಿಗೆಯಲ್ಲಿರಲಿಲ್ಲ. ಗಾಬರಿಯಿಂದ ಬಾಗಿಲು ತೆರೆದರೆ ಪಕ್ಕದ ಮನೆಯ ಗೇಟಿನಿಂದ ಒಂದು ಚೀಲ ಮಾವಿನಹಣ್ಣು ಹಿಡಿದುಕೊಂಡು ಬರುತ್ತಿದ್ದಳು. ನಾನು ಬೆಂಟ್ಲಿಯ ಬಸ್ಸಿನಲ್ಲಿ ನೋಡಿದ್ದ ಅದೇ ಮುಖ.

"ಕೊಲೀನ್ ಅಂತ ಅವರ ಹೆಸ್ರು. ಯಜಮಾನ್ರು ತೀರಿಹೋಗಿದ್ದಾರೆ. ಬಲಗಡೆ ಮಂಡಿ ನೋವು, ಆಪರೇಷನ್ ಬೇಡ ಅಂತಿದ್ದಾರೆ. ಮರದ ತುಂಬಾ ಹಣ್ಣು, ಕೊಡೋಕೆ ಜನ ಇಲ್ಲ." ಚೀಲವನ್ನು ಮೇಜಿನ ಮೇಲಿಟ್ಟು ಅವಳು ಜೋರಾಗಿ ನಕ್ಕಳು. "ನಿನ್ನ ವಿಷಯ ಕೇಳಿದ್ರು ಕಣೇ. ಅವರ ಅಡುಗೆಮನೆ ಕಿಟಕಿಯಿಂದ ನಿನ್ನ ಟಿವಿ ಕಾಣತ್ತಂತೆ. ಶನಿವಾರ ಪಾತ್ರೆ ತೊಳೆಯುವಾಗ ನೋಡಿದ್ರೆ ಅದರಲ್ಲಿ ಯಾವಾಗ್ಲೂ ಹಿಮ ಬೀಳ್ತಿರತ್ತಂತೆ. ಈ ಹುಡುಗಿ ಹಿಮಾಲಯದ ಕಡೆಯವಳಿರಬೇಕು, ಪಾಪ, ಊರು ನೆನೆಸ್ಕೊಂಡು ಒಬ್ಳೇ ಕೂತಿರ್ತಾಳೆ ಅಂದ್ಕೊಂಡಿದ್ರಂತೆ!"

ನಾನೂ ನಕ್ಕೆ. ನಗುತ್ತಲೇ ಆ ಕಡೆಯ ಕಿಟಕಿಗೆ ಹೋಗಿ ನೋಡಿದೆ. ಬೇಲಿಯಾಚೆ ಅವರ ಸಿಂಕು, ಸಿಂಕಿನ ಮೇಲೆ ಒಂದೇ ಒಂದು ಬಟ್ಟಲು ಬೋರಲು ಹಾಕಿದ್ದು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ದಿನ ನಾನು ಅತ್ತ ತಿರುಗಿಯೇ ಇರಲಿಲ್ಲ.

ರಿಜ್ವಾನಾ ಇದ್ದಷ್ಟು ದಿನ ಮನೆಯಲ್ಲಿ ಮಾತು ತುಂಬಿ ತುಳುಕಿತು. ಹೊರಡುವ ದಿನ ಏರ್‌ಪೋರ್ಟಿನಲ್ಲಿ ಇಬ್ಬರೂ ಅಳಲಿಲ್ಲ. "ಭಾನುವಾರ ಎತ್ಕೋತೀನಿ ಫೋನು" ಎಂದಳು. ಮನೆಗೆ ಬಂದು ಬಾಗಿಲು ತೆರೆದರೆ ಫ್ಯಾನೊಂದೇ ತಿರುಗುತ್ತಿತ್ತು. ಅದನ್ನು ಅವಳು ಆರಿಸುವುದನ್ನು ಮರೆತಿದ್ದಳು. ಅದನ್ನು ಸಂಜೆಯವರೆಗೂ ಹಾಗೇ ಬಿಟ್ಟೆ.

ಶನಿವಾರ ಬಂತು. ಜನವರಿಯ ಮಧ್ಯಾಹ್ನ, ಬೀದಿಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ, ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಸಿನಿಮಾ ಆರಿಸಿಟ್ಟೆ, ಹಾಕಲಿಲ್ಲ. ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಕೊಲೀನ್ ಬರಲು ತಡವಾಯಿತು. ಮಂಡಿ ನೋವು ನೆನಪಾಗಿ ಕಾದೆ. ಬಾಗಿಲು ತೆರೆದವರು ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು.

"ನಾನು ಸುಮಾ. ಸಿನಿಮಾ ಹಾಕುತ್ತಿದ್ದೇನೆ. ಬಂದು ಕೂತು ನೋಡುತ್ತೀರಾ?"

"ಹಿಮದ್ದೋ?"

"ಹೌದು, ಹಿಮದ್ದೇ."

"ಒಂದು ನಿಮಿಷ ಇರು, ಡಾರ್ಲ್," ಎಂದು ಅವರು ಒಳಗೆ ತಿರುಗಿದರು. "ನನ್ನ ಸ್ವೆಟರ್ ತಂದುಬಿಡ್ತೀನಿ."